ಪೆಪ್ಟೈಡ್ ಚಿಕಿತ್ಸೆ: ಚೇತರಿಕೆ, ದೀರ್ಘಾಯುಷ್ಯ ಮತ್ತು ಅಪಾಯ

ಅಮೈನೋ ಆಮ್ಲಗಳು ಒಂದಕ್ಕೊಂದು ಬೆಸೆದುಕೊಂಡು ಆಗುವ ಗಿಡ್ಡ ಸರಪಳಿಗೆ ಪೆಪ್ಟೈಡ್ ಎನ್ನುತ್ತಾರೆ. ಎರಡರಿಂದ ಸುಮಾರು ಐವತ್ತು ಕೊಂಡಿಗಳವರೆಗಿನದು ಪೆಪ್ಟೈಡ್, ಅದಕ್ಕಿಂತ ಉದ್ದದ್ದು ಪ್ರೋಟೀನು ಎಂಬುದು ವಾಡಿಕೆ. ಗಡಿ ಅಷ್ಟು ಖಚಿತವಲ್ಲ. 51 ಅಮೈನೋ ಆಮ್ಲಗಳ ಇನ್ಸುಲಿನ್ ಪುಸ್ತಕದಿಂದ ಪುಸ್ತಕಕ್ಕೆ ಪಂಗಡ ಬದಲಿಸುತ್ತದೆ. ದೇಹದಲ್ಲಿ ಇವುಗಳ ಮುಖ್ಯ ಕೆಲಸ ಸಂದೇಶ ಮುಟ್ಟಿಸುವುದು. ಹಸಿವು, ರಕ್ತದ ಸಕ್ಕರೆ, ಹೆರಿಗೆ ನೋವು, ಮಕ್ಕಳ ಬೆಳವಣಿಗೆ, ಗಾಯ ಮಾಯುವುದು, ಇವೆಲ್ಲದರ ಹಿಂದೆ ಒಂದಲ್ಲ ಒಂದು ಪೆಪ್ಟೈಡ್ ಕೆಲಸ ಮಾಡುತ್ತಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಜಿಮ್‌ಗಳಲ್ಲಿ, ಕ್ರೀಡಾಪಟುಗಳ ನಡುವೆ, ವಯಸ್ಸು ತಡೆಯುವ ಭರವಸೆ ಕೊಡುವ ಕ್ಲಿನಿಕ್ಕುಗಳಲ್ಲಿ ಪೆಪ್ಟೈಡ್‌ಗಳ ಮಾತು ಬೇರೆಯೇ ಬಗೆಯಲ್ಲಿ ನಡೆದಿದೆ. ಹರಿದ ಸ್ನಾಯುರಜ್ಜು ಬೇಗ ಕೂಡಲು ಬಿಪಿಸಿ-157, ಪೆಟ್ಟಾದ ಸ್ನಾಯುವಿಗೆ ಟಿಬಿ-500, ನಿದ್ದೆಗೂ ಮೈಕಟ್ಟಿಗೂ ಸಿಜೆಸಿ-1295 ಮತ್ತು ಇಪಮೊರೆಲಿನ್ ಜೋಡಿ, ಆಯುಷ್ಯಕ್ಕೆ ಎಪಿಟಾಲಾನ್. ಇವುಗಳಲ್ಲಿ ಯಾವುದಕ್ಕೂ ಈ ಉಪಯೋಗಗಳಿಗಾಗಿ ಅಮೆರಿಕದಲ್ಲಾಗಲಿ ಭಾರತದಲ್ಲಾಗಲಿ ಔಷಧದ ಮಂಜೂರಾತಿ ಇಲ್ಲ. ಮಾರುವವರು ಮಾತ್ರ ಇನ್ಸುಲಿನ್ ಕೂಡ ಪೆಪ್ಟೈಡೇ, ಸಕ್ಕರೆ ಕಾಯಿಲೆಯ ಮದ್ದಾದ ಸೆಮಾಗ್ಲುಟೈಡ್ ಕೂಡ ಪೆಪ್ಟೈಡೇ ಎಂದು ವಾದಿಸುತ್ತಾರೆ. ರಸಾಯನಶಾಸ್ತ್ರದ ಮಟ್ಟಿಗೆ ಅದು ಸರಿ, ವೈದ್ಯಶಾಸ್ತ್ರದಲ್ಲಿ ನಡೆಯುವುದಿಲ್ಲ. ಸರಪಳಿಯಲ್ಲಿ ಒಂದು ಕೊಂಡಿ ಬದಲಾದರೂ ಅದು ಬೇರೆ ಪದಾರ್ಥ. ಪರೀಕ್ಷೆಯನ್ನು ಪ್ರತಿಯೊಂದೂ ತಾನೇ ಬರೆದು ಪಾಸಾಗಬೇಕು.

ಹಿನ್ನೆಲೆ

ಜರ್ಮನಿಯ ಎಮಿಲ್ ಫಿಷರ್ 1901ರಲ್ಲಿ ಎರಡು ಗ್ಲೈಸಿನ್‌ಗಳನ್ನು ಜೋಡಿಸಿ ಅತ್ಯಂತ ಸರಳ ಪೆಪ್ಟೈಡನ್ನು ತಯಾರಿಸಿದ. ಮರುವರ್ಷ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕರುಳಿನಿಂದ ಹೊರಟು ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವ ಸೆಕ್ರೆಟಿನ್ ಎಂಬ ರಾಸಾಯನಿಕವನ್ನು ಗುರುತಿಸಿದರು; ಅದು ಪೆಪ್ಟೈಡ್ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು, 1922ರ ಜನವರಿಯಲ್ಲಿ ಅದು ಮೊದಲ ರೋಗಿಗೆ ಹೋಯಿತು. ಆ ಮೊದಲ ಚುಚ್ಚುಮದ್ದು ಕಲ್ಮಶಗಳಿಂದಾಗಿ ಸರಿಯಾಗಿ ಕೆಲಸ ಮಾಡದೆ, ಜೇಮ್ಸ್ ಕಾಲಿಪ್ ಅದನ್ನು ಶುದ್ಧೀಕರಿಸಿದ ಮೇಲಷ್ಟೇ ರೋಗಿ ಚೇತರಿಸಿಕೊಂಡ ಎಂಬುದು ಈ ಕ್ಷೇತ್ರದ ಮೊದಲ ಪಾಠ. ನೂರು ವರ್ಷಗಳ ಮೇಲೂ ಅದು ಹಳತಾಗಿಲ್ಲ.

1953ರಲ್ಲಿ ವಿನ್ಸೆಂಟ್ ದು ವಿನ್ಯೋ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ 1955ರಲ್ಲಿ ನೊಬೆಲ್ ಪಡೆದ. ಆಗ ಒಂದೊಂದು ಪೆಪ್ಟೈಡ್ ಕಟ್ಟುವುದೂ ತಿಂಗಳುಗಟ್ಟಲೆ ಕೆಲಸ. 1963ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಬ್ರೂಸ್ ಮೆರಿಫೀಲ್ಡ್ ದಾರಿ ಬದಲಿಸಿದ. ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳ ಮೇಲೆ ಮೊದಲ ಅಮೈನೋ ಆಮ್ಲವನ್ನು ಅಂಟಿಸಿ, ಒಂದಾದ ಮೇಲೊಂದು ಸೇರಿಸಿ, ಪ್ರತಿ ಸಲವೂ ತೊಳೆದು, ಕೊನೆಗೆ ಸರಪಳಿಯನ್ನು ಕಾಳಿನಿಂದ ಕತ್ತರಿಸಿಕೊಳ್ಳುವುದು. ಇದಕ್ಕೆ 1984ರಲ್ಲಿ ನೊಬೆಲ್ ಬಂತು. ಇಂದು ಯಾವ ಕಾರ್ಖಾನೆಯಾದರೂ ಯಂತ್ರಕ್ಕೆ ಅನುಕ್ರಮ ಕೊಟ್ಟು ಕೆಲವೇ ದಿನಗಳಲ್ಲಿ ಪೆಪ್ಟೈಡ್ ತೆಗೆಯಬಲ್ಲುದು. ಹಲವು ಪೆಪ್ಟೈಡ್ ಔಷಧಗಳೂ ಕಾಳಸಂತೆಯ ಸರಕೂ ಹುಟ್ಟುವುದು ಇದೇ ವಿಧಾನದಿಂದ.

ಈ ವಿಜ್ಞಾನದಲ್ಲಿ ಬೆಂಗಳೂರಿಗೂ ಪಾಲಿದೆ. ಪೆಪ್ಟೈಡ್ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲುದು ಎಂಬುದನ್ನು ತೋರಿಸುವ ರಾಮಚಂದ್ರನ್ ನಕ್ಷೆಯನ್ನು ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ 1963ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ರಾಮಚಂದ್ರನ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಬಳಿ. 1970ರ ದಶಕದ ಆರಂಭದಲ್ಲಿ ಅಲ್ಲಿಗೇ ಮರಳಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಪಿ. ಬಲರಾಮ್ ದಶಕಗಳ ಕಾಲ ಪೆಪ್ಟೈಡ್‌ಗಳ ವಿನ್ಯಾಸ ಮಾಡಿದರು. ನಗರದ ಬಯೋಕಾನ್ ಕಂಪನಿ 2004ರಲ್ಲಿ ಯೀಸ್ಟ್ ಕೋಶಗಳಲ್ಲಿ ಬೆಳೆಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಔಷಧವಾಗುವ ಕಷ್ಟ

ದೇಹ ಪೆಪ್ಟೈಡ್‌ಗಳನ್ನು ಬಹಳ ಹೊತ್ತು ಉಳಿಯಗೊಡುವುದಿಲ್ಲ. ಸಂದೇಶ ಮುಟ್ಟಿದ ಮೇಲೆ ಅಳಿಸಿಹೋಗುವುದೇ ಒಳ್ಳೆಯದು. ಊಟವಾದ ಮೇಲೆ ಕರುಳು ಬಿಡುವ ಜಿಎಲ್‌ಪಿ-1 ರಕ್ತದಲ್ಲಿ ಅರ್ಧಕ್ಕರ್ಧ ನಾಶವಾಗಲು ಸುಮಾರು ಎರಡು ನಿಮಿಷ ಸಾಕು. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಜಾನ್ ಎಂಗ್ ಎಂಬ ವೈದ್ಯ ಇದನ್ನೇ ಹೋಲುವ, ಆದರೆ ಬೇಗ ಹಾಳಾಗದ ಪೆಪ್ಟೈಡನ್ನು ಕಂಡುಹಿಡಿದ. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಗೆ ಮಂಜೂರಾಯಿತು. ಆಮೇಲೆ ಬಂದ ಸೆಮಾಗ್ಲುಟೈಡಿನ ಅಣುವಿಗೆ ಕೊಬ್ಬಿನ ಬಾಲವೊಂದನ್ನು ಕಟ್ಟಲಾಗಿದೆ. ಆ ಬಾಲ ರಕ್ತದ ಆಲ್ಬುಮಿನ್‌ಗೆ ಅಂಟಿಕೊಳ್ಳುವುದರಿಂದ ಮದ್ದು ವಾರವಿಡೀ ಉಳಿಯುತ್ತದೆ.

ಬಾಯಿಯ ದಾರಿ ಇನ್ನೂ ಕಷ್ಟದ್ದು. ಹೊಟ್ಟೆಗೆ ಪೆಪ್ಟೈಡಿಗೂ ಬೇಳೆಯ ಪ್ರೋಟೀನಿಗೂ ವ್ಯತ್ಯಾಸ ಗೊತ್ತಿಲ್ಲ, ಎರಡನ್ನೂ ಜೀರ್ಣಿಸುತ್ತದೆ. ಸೆಮಾಗ್ಲುಟೈಡನ್ನೇ ಸಕ್ಕರೆ ಕಾಯಿಲೆಗೆ ಚುಚ್ಚುಮದ್ದಾಗಿ ವಾರಕ್ಕೆ 1 ಮಿಲಿಗ್ರಾಂ ಕೊಟ್ಟರೆ, ಮಾತ್ರೆಯಾಗಿ ದಿನಕ್ಕೆ 14 ಮಿಲಿಗ್ರಾಂ ಕೊಡಬೇಕಾಗುತ್ತದೆ. ಅಂದರೆ ವಾರಕ್ಕೆ 98 ಮಿಲಿಗ್ರಾಂ, ಅದೂ ಜಠರದ ಗೋಡೆ ದಾಟಿಸಲೆಂದೇ ಸೇರಿಸಿದ ಇನ್ನೊಂದು ರಾಸಾಯನಿಕದ ಜೊತೆಗೆ, ಖಾಲಿ ಹೊಟ್ಟೆಯಲ್ಲಿ. ಕ್ಯಾಪ್ಸೂಲಿನಲ್ಲಿ ತುಂಬಿದ ಬಿಪಿಸಿ-157 ಮೊಣಕಾಲಿನವರೆಗೆ ಹೋಗಿ ಕೆಲಸ ಮಾಡುತ್ತದೆ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕು. ಡಬ್ಬಿಗಳಲ್ಲಿ ಬರುವ ಕೊಲಾಜೆನ್ ಪೆಪ್ಟೈಡ್ ಪುಡಿಯ ವಿಷಯ ಬೇರೆ. ಅದು ಆಹಾರ, ಚರ್ಮಕ್ಕೂ ಕೀಲಿಗೂ ಅಲ್ಪ ಲಾಭ ಕಂಡಿದೆ ಎನ್ನುವ ಅಧ್ಯಯನಗಳಲ್ಲಿ ಬಹಳಷ್ಟಕ್ಕೆ ತಯಾರಕರದೇ ಹಣ.

ಮಂಜೂರಾದ ಪೆಪ್ಟೈಡ್‌ಗಳು ಎಂಥ ಪರೀಕ್ಷೆ ದಾಟಿ ಬರುತ್ತವೆ ಎಂಬುದಕ್ಕೆ ಟೆರಿಪ್ಯಾರಟೈಡ್ ಸಾಕ್ಷಿ. ಪ್ಯಾರಾಥೈರಾಯ್ಡ್ ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳ ಈ ತುಣುಕು ಸವೆದ ಮೂಳೆಯನ್ನು ಮತ್ತೆ ಕಟ್ಟುತ್ತದೆ. ಇಲಿಗಳಲ್ಲಿ ಮೂಳೆಯ ಕ್ಯಾನ್ಸರ್ ಕಾಣಿಸಿಕೊಂಡಿದ್ದರಿಂದ 2002ರಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆಯೊಂದಿಗೇ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮನುಷ್ಯರಲ್ಲಿ ಅಂಥದ್ದು ಹೆಚ್ಚುತ್ತಿಲ್ಲ ಎಂದು ವರ್ಷಗಟ್ಟಲೆ ನಿಗಾ ಇಟ್ಟು ನೋಡಿದ ಮೇಲೆ 2020ರಲ್ಲಿ ಆ ಎಚ್ಚರಿಕೆಯನ್ನು ತೆಗೆದರು. ಸೆಮಾಗ್ಲುಟೈಡ್ ಹೃದ್ರೋಗವಿರುವ ಸ್ಥೂಲಕಾಯರಿಗೆ ನೆರವಾಗುತ್ತದೆಯೇ ಎಂದು ತಿಳಿಯಲು 17,604 ಜನರ ಮೇಲೆ ಪ್ರಯೋಗ ನಡೆಯಿತು. 2023ರಲ್ಲಿ ಬಂದ ಫಲಿತಾಂಶದಂತೆ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯಸಂಬಂಧಿ ಸಾವು ಒಟ್ಟಾರೆ ಶೇ 20ರಷ್ಟು ತಗ್ಗಿತ್ತು. ಆಯುಷ್ಯದ ವಿಚಾರದಲ್ಲಿ ಪೆಪ್ಟೈಡ್‌ಗಳ ಪರವಾಗಿ ಇರುವ ಗಟ್ಟಿ ಸಾಕ್ಷ್ಯ ಇಂಥದ್ದು, ಮತ್ತು ಅದು ಕಾಯಿಲೆ ಇದ್ದವರದು. ಆರೋಗ್ಯವಂತರು ಯಾವುದೋ ಪೆಪ್ಟೈಡ್ ಚುಚ್ಚಿಕೊಂಡು ಹೆಚ್ಚು ಕಾಲ ಬದುಕಿದರು ಎಂದು ತೋರಿಸಿದ ಪ್ರಯೋಗ ಒಂದೂ ಇಲ್ಲ.

ಚೇತರಿಕೆಯ ಪೆಪ್ಟೈಡ್‌ಗಳು

ಬಿಪಿಸಿ-157 ಹದಿನೈದು ಅಮೈನೋ ಆಮ್ಲಗಳ ಸರಪಳಿ. ಕ್ರೊಯೇಷಿಯದ ಜಾಗ್ರೆಬ್ ವಿಶ್ವವಿದ್ಯಾಲಯದ ಪ್ರೆದ್ರಾಗ್ ಸಿಕಿರಿಚ್ ಮತ್ತು ಅವರ ತಂಡ 1990ರ ದಶಕದ ಆರಂಭದಿಂದ ಇದರ ಮೇಲೆ ಕೆಲಸ ಮಾಡುತ್ತಿದೆ. ಮನುಷ್ಯನ ಜಠರರಸದ ಪ್ರೋಟೀನೊಂದರ ತುಣುಕು ಇದು ಎಂಬುದು ಆ ತಂಡದ ಹೇಳಿಕೆ. ಮೊದಲು ನೋಡಿದ್ದು ಹೊಟ್ಟೆಯ ಹುಣ್ಣಿನ ಮೇಲೆ. ಆಮೇಲೆ ಇಲಿಯ ಹಿಮ್ಮಡಿಯ ಸ್ನಾಯುರಜ್ಜನ್ನು ಕತ್ತರಿಸಿ, ಪೆಪ್ಟೈಡ್ ಕೊಟ್ಟ ಇಲಿಗಳಲ್ಲಿ ಅದು ಬೇಗ ಮತ್ತು ಗಟ್ಟಿಯಾಗಿ ಕೂಡಿತು ಎಂದು ವರದಿ ಮಾಡಿದರು. ಮುಂದೆ ಸ್ನಾಯು, ಮೂಳೆ, ನರ, ಯಕೃತ್ತು, ಮಿದುಳು ಎಲ್ಲದರ ಸರದಿಯೂ ಬಂತು. ಹೆಚ್ಚುಕಡಿಮೆ ಎಲ್ಲೆಡೆಯೂ ಒಳ್ಳೆಯ ಫಲಿತಾಂಶವೇ. ಹೊಸ ರಕ್ತನಾಳಗಳನ್ನು ಚಿಗುರಿಸುವ ಸಂಕೇತಗಳನ್ನು ಅದು ಎಬ್ಬಿಸುತ್ತದೆ ಎಂಬುದು ಮುಂದಿಟ್ಟ ಕಾರಣಗಳಲ್ಲಿ ಒಂದು.

ಮುಟ್ಟಿದ್ದೆಲ್ಲ ವಾಸಿಯಾಗುವ ಮದ್ದನ್ನು ಕಂಡಾಗ ವಿಜ್ಞಾನಿಗೆ ಅನುಮಾನ ಹುಟ್ಟಬೇಕು. ಬಿಪಿಸಿ-157 ಕುರಿತ ಪ್ರಬಂಧಗಳಲ್ಲಿ ಬಹುಪಾಲು ಒಂದೇ ತಂಡದವು, ಬಹುಪಾಲು ಇಲಿಗಳ ಮೇಲಿನವು. ಎಳೆಯ, ಆರೋಗ್ಯವಂತ ಇಲಿಯ ರಜ್ಜನ್ನು ಬ್ಲೇಡಿನಿಂದ ಕತ್ತರಿಸಿದ ಗಾಯಕ್ಕೂ ನಲವತ್ತೈದು ದಾಟಿದ ಓಟಗಾರನ ಹಿಮ್ಮಡಿಯಲ್ಲಿ ವರ್ಷಗಳಿಂದ ಸವೆದ ರಜ್ಜಿಗೂ ಅಜಗಜಾಂತರ. ಮನುಷ್ಯರ ಮೇಲೆ ನಡೆದದ್ದು ಎಷ್ಟು? ಮೊಣಕಾಲು ನೋವಿನವರ ಹಳೆಯ ದಾಖಲೆ ತೆಗೆದು ನೋಡಿದ ಒಂದು ಸಣ್ಣ ವರದಿ, ಮೂತ್ರಕೋಶದ ನೋವಿದ್ದ 12 ಮಹಿಳೆಯರ ಇನ್ನೊಂದು ವರದಿ. ಎರಡರಲ್ಲೂ ಮದ್ದಿಲ್ಲದ ಹೋಲಿಕೆಯ ಗುಂಪಿಲ್ಲ. 2015ರಲ್ಲಿ ನೋಂದಣಿಯಾದ ಮೊದಲ ಹಂತದ ಸುರಕ್ಷತಾ ಪ್ರಯೋಗದ ಫಲಿತಾಂಶ ಪ್ರಕಟವಾಗಲೇ ಇಲ್ಲ. ರಜ್ಜಿನ ನೋವು ತಿಂಗಳುಗಳಲ್ಲಿ ತಾನಾಗಿ ಏರಿಳಿಯುವಂಥದ್ದು. ನೋವು ತೀರ ಹೆಚ್ಚಿದ್ದಾಗ ಚುಚ್ಚುಮದ್ದು ಶುರುಮಾಡಿದವರಿಗೆ ಆರು ವಾರಗಳಲ್ಲಿ ಹಗುರಾದರೆ, ಅದು ಮದ್ದಿನಿಂದಲೋ ಕಾಲದಿಂದಲೋ, ಅಷ್ಟರಲ್ಲಿ ಓಟ ಕಡಿಮೆ ಮಾಡಿದ್ದರಿಂದಲೋ ಎಂದು ಅವರೂ ಹೇಳಲಾರರು, ಚುಚ್ಚಿದವರೂ ಹೇಳಲಾರರು. ಬಿಪಿಸಿ-157 ಕೆಲಸ ಮಾಡುವುದಿಲ್ಲ ಎಂದು ಯಾರೂ ಸಾಧಿಸಿಲ್ಲ ಎಂಬುದೂ ನಿಜ. ಮೂವತ್ತು ವರ್ಷಗಳಾದರೂ ನೂರು ಇನ್ನೂರು ಜನರ ಒಂದು ಸರಿಯಾದ ಪ್ರಯೋಗ ಬಂದಿಲ್ಲ ಎಂಬುದೇ ಅದರ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ಟಿಬಿ-500ರ ಕಥೆ ಇನ್ನೂ ಗೋಜಲು. ಥೈಮೊಸಿನ್ ಬೀಟಾ-4 ಎಂಬುದು ನಮ್ಮ ಜೀವಕೋಶಗಳಲ್ಲಿ ಸಹಜವಾಗಿಯೇ ಇರುವ 43 ಅಮೈನೋ ಆಮ್ಲಗಳ ಪೆಪ್ಟೈಡ್. ಕೋಶಕ್ಕೆ ಆಕಾರವನ್ನೂ ಚಲನೆಯನ್ನೂ ಕೊಡುವ ಆಕ್ಟಿನ್‌ಗೆ ಅಂಟಿಕೊಳ್ಳುತ್ತದೆ. ಟಿಬಿ-500 ಅದರ ಏಳು ಅಮೈನೋ ಆಮ್ಲಗಳ ತುಣುಕು, ಕುದುರೆ ಪಂದ್ಯದ ಲೋಕದಿಂದ ಬಂದದ್ದು. ಅದೇ ಹೆಸರಿನಲ್ಲಿ ಕೆಲವರು ಇಡೀ 43ರ ಸರಪಳಿಯನ್ನೂ ಮಾರುತ್ತಾರೆ. ಕೊಂಡವರಿಗೆ ಸೀಸೆಯಲ್ಲಿ ಯಾವುದಿದೆ ಎಂದು ಕಣ್ಣಿನಿಂದ ತಿಳಿಯುವ ಬಗೆಯಿಲ್ಲ.

ಈ ಗೊಂದಲದ ಬೆಲೆ ತೆತ್ತವರು ಆಸ್ಟ್ರೇಲಿಯದ ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರು. 2012ರ ಋತುವಿನಲ್ಲಿ ಮೆಲ್ಬರ್ನಿನ ಈ ಕ್ಲಬ್ ಆಟಗಾರರಿಗೆ ಸಾಲುಸಾಲು ಚುಚ್ಚುಮದ್ದುಗಳ ಕಾರ್ಯಕ್ರಮ ನಡೆಸಿತು. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಇದ್ದದ್ದು ಬರೀ ‘ಥೈಮೊಸಿನ್’. ಆ ಹೆಸರಿನ ಪೆಪ್ಟೈಡ್‌ಗಳು ಹಲವು, ನಿಷೇಧವಿದ್ದದ್ದು ಬೀಟಾ-4ಕ್ಕೆ. ಆಸ್ಟ್ರೇಲಿಯದ ನ್ಯಾಯಮಂಡಳಿ 2015ರಲ್ಲಿ ಆಟಗಾರರನ್ನು ಬಿಟ್ಟಿತು. ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ಮೇಲ್ಮನವಿ ಹೋಯಿತು. 2016ರ ಜನವರಿಯಲ್ಲಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 34 ಆಟಗಾರರಿಗೆ ಎರಡು ವರ್ಷ ನಿಷೇಧ ಹೇರಿತು. ನಾಯಕ ಜೋಬ್ ವಾಟ್ಸನ್ 2012ರಲ್ಲಿ ಗೆದ್ದಿದ್ದ, ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನು ಹಿಂದಿರುಗಿಸಬೇಕಾಯಿತು. ತಮ್ಮ ಮೈಗೆ ನಿಖರವಾಗಿ ಏನು ಹೋಯಿತು ಎಂಬುದಕ್ಕೆ ಸರಿಯಾದ ದಾಖಲೆಯೇ ಆಟಗಾರರ ಕೈಗೆ ಸಿಗಲಿಲ್ಲ.

ಆಯುಷ್ಯದ ಆಸೆ

ದೀರ್ಘಾಯುಷ್ಯದ ಮಾರುಕಟ್ಟೆಯಲ್ಲಿ ಹೆಚ್ಚು ಓಡುವುದು ಬೆಳವಣಿಗೆಯ ಹಾರ್ಮೋನನ್ನು ಏರಿಸುವ ಪೆಪ್ಟೈಡ್‌ಗಳು. ಇದರ ಬೇರು ಒಂದು ಪುಟ್ಟ ಅಧ್ಯಯನದಲ್ಲಿದೆ. 1990ರ ಜುಲೈನಲ್ಲಿ ಅಮೆರಿಕದ ಡೇನಿಯಲ್ ರಡ್‌ಮನ್ ಮತ್ತು ಸಂಗಡಿಗರು ಅರವತ್ತು ದಾಟಿದ 12 ಗಂಡಸರಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನು ಕೊಟ್ಟು, ಕೊಬ್ಬಿಲ್ಲದ ಮೈತೂಕ ಶೇ 8.8ರಷ್ಟು ಏರಿತು, ಕೊಬ್ಬು ಶೇ 14.4ರಷ್ಟು ಇಳಿಯಿತು ಎಂದು ಪ್ರಕಟಿಸಿದರು. ಹನ್ನೆರಡು ಜನರ ಈ ವರದಿಯ ಮೇಲೆ ಒಂದು ಉದ್ಯಮವೇ ಎದ್ದಿತು. 2007ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಆರೋಗ್ಯವಂತ ವೃದ್ಧರಲ್ಲಿ ಮೈಕಟ್ಟು ಎರಡು ಕಿಲೋದಷ್ಟು ಬದಲಾದದ್ದು ನಿಜ. ಜೊತೆಗೆ ಕೈಕಾಲು ಬಾವು, ಕೀಲುನೋವು, ಮಣಿಕಟ್ಟಿನಲ್ಲಿ ನರ ಹಿಸುಕುವ ತೊಂದರೆ ಹೆಚ್ಚಿದ್ದವು. ವಯಸ್ಸು ತಡೆಯಲೆಂದು ಆ ಹಾರ್ಮೋನನ್ನು ವಿತರಿಸುವುದು ಅಮೆರಿಕದಲ್ಲಿ ಅಪರಾಧ. ಹಾಗಾಗಿಯೇ ಮಾರುಕಟ್ಟೆ ಒಂದು ಮೆಟ್ಟಿಲು ಹಿಂದೆ ಸರಿದು, ಪಿಟ್ಯುಟರಿ ಗ್ರಂಥಿಯನ್ನೇ ಕೆಣಕಿ ಹಾರ್ಮೋನು ಬಿಡಿಸುವ ಪೆಪ್ಟೈಡ್‌ಗಳತ್ತ ಹೊರಳಿತು.

ಸಿಜೆಸಿ-1295 ಕೆನಡದ ಕಂಪನಿಯೊಂದು ಎಚ್‌ಐವಿ ರೋಗಿಗಳ ಹೊಟ್ಟೆಯ ಕೊಬ್ಬಿಗೆಂದು ರೂಪಿಸಿದ್ದು. 2006ರಲ್ಲಿ ಪ್ರಯೋಗದಲ್ಲಿದ್ದ ಒಬ್ಬರು ಹೃದಯಾಘಾತದಿಂದ ಸತ್ತರು. ಮದ್ದೇ ಕಾರಣವಲ್ಲ ಎಂದು ವೈದ್ಯರು ಅಭಿಪ್ರಾಯಪಟ್ಟರೂ ಪ್ರಯೋಗ ಅಲ್ಲಿಗೇ ನಿಂತಿತು. ಅದೇ ಉಪಯೋಗಕ್ಕೆ 2010ರಲ್ಲಿ ಮಂಜೂರಾದದ್ದು ಟೆಸಮೊರೆಲಿನ್ ಎಂಬ ಬೇರೆ ಪೆಪ್ಟೈಡ್. ಇಪಮೊರೆಲಿನ್ ಕರುಳಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಪರೀಕ್ಷೆಗೆ ಕೂತು ಸ್ಪಷ್ಟ ಲಾಭ ತೋರಿಸಲಿಲ್ಲ. ತೂಕ ಇಳಿಸಲು ಎಂದು ಮಾರುವ ಎಒಡಿ-9604, ಬೆಳವಣಿಗೆಯ ಹಾರ್ಮೋನಿನ ಬಾಲದ ತುಣುಕು, 536 ಜನರ ಪ್ರಯೋಗದಲ್ಲಿ ಸೋತು 2007ರಲ್ಲಿ ಕೈಬಿಟ್ಟದ್ದು. ಔಷಧ ಕಂಪನಿಗಳು ಬೀಸಾಡಿದ ಅಣುಗಳು ಕ್ಲಿನಿಕ್ಕಿನ ಪಟ್ಟಿಯಲ್ಲಿ ಹೊಸದಾಗಿ ಕಾಣಿಸಿಕೊಳ್ಳುವುದು ಈ ವ್ಯಾಪಾರದ ಮಾಮೂಲು.

ಇದಕ್ಕಿಂತ ಆಳದ ತೊಡಕೊಂದಿದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಿದರೆ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆಗೆ ಪ್ರಾಣಿಗಳ ಸಾಕ್ಷ್ಯ ಪೂರ್ತಿ ತದ್ವಿರುದ್ಧ. ಇಲಿನಾಯ್ಸ್‌ನ ಆಂಡ್ರೆ ಬಾರ್ಟ್ಕೆ ಅವರ ಪ್ರಯೋಗಾಲಯದಲ್ಲಿ ಐದು ವರ್ಷಕ್ಕೆ ಒಂದು ವಾರ ಕಡಿಮೆ ಬದುಕಿ ದಾಖಲೆ ಮಾಡಿದ ಸುಂಡಿಲಿಗೆ ಆ ಹಾರ್ಮೋನಿನ ಗ್ರಾಹಕವೇ ಇರಲಿಲ್ಲ. ಮಾಮೂಲಿ ಸುಂಡಿಲಿ ಬದುಕುವುದು ಎರಡು ಮೂರು ವರ್ಷ. ಮನುಷ್ಯರಲ್ಲೂ ಅಂಥ ದೋಷದಿಂದ ಕುಳ್ಳಾಗಿ ಹುಟ್ಟುವವರಿದ್ದಾರೆ. ಇದಕ್ಕೆ ಲಾರಾನ್ ಸಿಂಡ್ರೋಮ್ ಎಂದು ಹೆಸರು. ಈಕ್ವೆಡಾರಿನ ದಕ್ಷಿಣದ ಹಳ್ಳಿಗಳ ಇಂಥ 99 ಜನರನ್ನು 22 ವರ್ಷ ಗಮನಿಸಿದ ಹೈಮೆ ಗೆವಾರ-ಅಗಿರ್ರೆ ಮತ್ತು ವಾಲ್ಟರ್ ಲಾಂಗೊ 2011ರಲ್ಲಿ ಬರೆದಂತೆ, ಅವರಲ್ಲಿ ಸಕ್ಕರೆ ಕಾಯಿಲೆ ಒಬ್ಬರಿಗೂ ಬಂದಿರಲಿಲ್ಲ, ಕ್ಯಾನ್ಸರ್ ಒಬ್ಬರಿಗೆ ಮಾತ್ರ. ಅದೇ ಮನೆಗಳ ಮಾಮೂಲಿ ಎತ್ತರದ ಬಂಧುಗಳಲ್ಲಿ ಕ್ಯಾನ್ಸರ್ ಶೇ 17. ಈ ಕುಳ್ಳರು ಹೆಚ್ಚು ಕಾಲ ಬದುಕಲಿಲ್ಲ ಎಂಬುದನ್ನೂ ಹೇಳಬೇಕು. ಅಪಘಾತ, ಕುಡಿತ ಮುಂತಾದವು ಅವರನ್ನು ಕೊಂಡೊಯ್ದವು. ಅದೇನೇ ಇರಲಿ, ಆಯುಷ್ಯಕ್ಕೆಂದು ಆ ಹಾರ್ಮೋನನ್ನು ಏರಿಸಿಕೊಳ್ಳುವವರು ಸಾಕ್ಷ್ಯದ ಪ್ರವಾಹಕ್ಕೆ ಎದುರಾಗಿ ಈಜುತ್ತಿದ್ದಾರೆ.

ಎಪಿಟಾಲಾನ್ ಬಂದದ್ದು ರಷ್ಯದಿಂದ. ಲೆನಿನ್‌ಗ್ರಾಡಿನ ಸೈನಿಕ ವೈದ್ಯಕೀಯ ಅಕಾಡೆಮಿಯಲ್ಲಿ ಕೆಲಸ ಶುರುಮಾಡಿದ ವ್ಲಾದಿಮಿರ್ ಖವಿನ್‌ಸನ್ ದನದ ಪೀನಿಯಲ್ ಗ್ರಂಥಿಯ ಸಾರದಿಂದ ಹೊರಟು ನಾಲ್ಕು ಅಮೈನೋ ಆಮ್ಲಗಳ ಈ ಪೆಪ್ಟೈಡಿಗೆ ಬಂದರು. ಕ್ರೋಮೋಸೋಮಿನ ತುದಿ ಸವೆಯದಂತೆ ಕಾಯುವ ಟೆಲೊಮರೇಸನ್ನು ಇದು ಎಬ್ಬಿಸುತ್ತದೆ ಎಂಬುದು ಅವರ ವಾದ. ಹೆಚ್ಚಿನ ಸಾಕ್ಷ್ಯ ಇಲ್ಲೂ ಒಂದೇ ಮೂಲದ್ದು. ಬಹುಪಾಲು ಕ್ಯಾನ್ಸರ್ ಕೋಶಗಳು ಸಾಯದೆ ಉಳಿಯುವುದು ಇದೇ ಟೆಲೊಮರೇಸಿನ ಬಲದಿಂದ ಎಂಬ ಮಾತನ್ನು ಮಾರಾಟದ ಕರಪತ್ರಗಳು ಬಿಟ್ಟುಬಿಡುತ್ತವೆ.

ಭರವಸೆ ಹುಟ್ಟಿಸುವ ವಿಜ್ಞಾನವೂ ಇಲ್ಲದಿಲ್ಲ. ಮೈಟೊಕಾಂಡ್ರಿಯದ ಡಿಎನ್‌ಎಯಲ್ಲೇ ಅಡಗಿರುವ 16 ಅಮೈನೋ ಆಮ್ಲಗಳ ಮೋಟ್ಸ್-ಸಿ 2015ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪತ್ತೆಯಾಯಿತು; ಕೊಬ್ಬಿನ ಆಹಾರ ತಿಂದ ಸುಂಡಿಲಿಗಳು ದಪ್ಪಗಾಗದಂತೆ ಅದು ತಡೆಯಿತು. ಮೈಟೊಕಾಂಡ್ರಿಯದ ಪೊರೆಗೆ ಅಂಟುವ ಎಲಮಿಪ್ರೆಟೈಡ್, ಕಾಳಸಂತೆಯಲ್ಲಿ ಎಸ್‌ಎಸ್-31, ಹಲವು ಪ್ರಯೋಗಗಳಲ್ಲಿ ಎಡವಿ, ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಬಾರ್ತ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ಅಮೆರಿಕದಲ್ಲಿ ಷರತ್ತಿನ ಅನುಮತಿ ಪಡೆಯಿತು. ಮುಪ್ಪಿಗಲ್ಲ.

ಸೀಸೆಯೊಳಗಿನ ಅಪಾಯ

ಕಾಳಸಂತೆಯ ಪೆಪ್ಟೈಡ್ ಬರುವುದು ಬಿಳಿ ಪುಡಿ ತಳಕ್ಕಂಟಿದ ಪುಟ್ಟ ಗಾಜಿನ ಸೀಸೆಯಲ್ಲಿ, ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂಬ ಚೀಟಿಯೊಂದಿಗೆ. ಆ ಚೀಟಿ ಮಾರುವವನನ್ನು ಕಾಯುವುದಕ್ಕೆ. ಕೊಂಡವರಿಗೆ ತೋರಿಸುವುದು ‘ಶೇ 99 ಶುದ್ಧ’ ಎಂಬ ಪ್ರಮಾಣಪತ್ರ. ಮೆರಿಫೀಲ್ಡ್ ವಿಧಾನದಲ್ಲಿ ಪ್ರತಿ ಜೋಡಣೆಯೂ ಶೇ 99 ಯಶಸ್ವಿಯಾಯಿತು ಎಂದುಕೊಂಡರೂ, ಮೂವತ್ತು ಜೋಡಣೆಗಳ ಕೊನೆಯಲ್ಲಿ ಸರಿಯಾದ ಸರಪಳಿ ಸಿಗುವುದು ಸುಮಾರು ಶೇ 74. ಉಳಿದದ್ದು ಒಂದೊಂದು ಕೊಂಡಿ ತಪ್ಪಿದ, ಮೂಲವನ್ನೇ ಹೋಲುವ ಸರಪಳಿಗಳು. ಅವನ್ನು ಬೇರ್ಪಡಿಸುವುದೇ ತಯಾರಿಕೆಯ ದುಬಾರಿ ಭಾಗ, ಹಣ ಉಳಿಸುವವರು ಕೈಬಿಡುವುದೂ ಅದನ್ನೇ.

ಶೇ 99ರ ಲೆಕ್ಕ ಎಷ್ಟು ಮೋಸಗೊಳಿಸಬಹುದು ಎಂಬುದಕ್ಕೆ 1989ರ ಟ್ರಿಪ್ಟೊಫಾನ್ ಪ್ರಕರಣವಿದೆ. ನಿದ್ದೆಗೆಂದು ಅಮೆರಿಕನ್ನರು ನುಂಗುತ್ತಿದ್ದ, ಜಪಾನಿನ ಒಂದು ಕಂಪನಿ ತಯಾರಿಸಿದ, ಶೇ 99ಕ್ಕೂ ಹೆಚ್ಚು ಶುದ್ಧವಾದ ಈ ಅಮೈನೋ ಆಮ್ಲದಿಂದ 1,500ಕ್ಕೂ ಹೆಚ್ಚು ಜನ ತೀವ್ರ ಸ್ನಾಯುನೋವಿನ ರಕ್ತದ ಕಾಯಿಲೆಗೆ ಬಿದ್ದರು, ಕನಿಷ್ಠ 37 ಜನ ಸತ್ತರು. ಅಲ್ಪ ಪ್ರಮಾಣದ ಕಲ್ಮಶಗಳ ಮೇಲೆಯೇ ಶಂಕೆ ನಿಂತಿತು. ಇನ್ನು ಬ್ಯಾಕ್ಟೀರಿಯದ ಗೋಡೆಯ ಎಂಡೋಟಾಕ್ಸಿನ್ ಶುದ್ಧತೆಯ ಪರೀಕ್ಷೆಯಲ್ಲಿ ಕಾಣಿಸುವುದೇ ಇಲ್ಲ. ಅದಕ್ಕೆ ಕುದುರೆಲಾಳದ ಏಡಿಯ ರಕ್ತದಿಂದ ಮಾಡುವಂಥ ಬೇರೆ ಪರೀಕ್ಷೆ ಬೇಕು. ನುಂಗಿದರೆ ಪರವಾಗಿಲ್ಲದ ಪ್ರಮಾಣ ಚುಚ್ಚಿದಾಗ ಚಳಿಜ್ವರ ತರಿಸಿ ರಕ್ತದೊತ್ತಡ ಬೀಳಿಸಬಲ್ಲುದು. 2025ರ ಜುಲೈನಲ್ಲಿ ಲಾಸ್ ವೇಗಸ್‌ನ ದೀರ್ಘಾಯುಷ್ಯ ಮೇಳವೊಂದರಲ್ಲಿ ಪೆಪ್ಟೈಡ್ ಚುಚ್ಚಿಸಿಕೊಂಡ ಇಬ್ಬರು ಮಹಿಳೆಯರು ವೆಂಟಿಲೇಟರ್ ಸೇರಬೇಕಾಯಿತು.

ಸರಕು ಶುದ್ಧವಾಗಿದ್ದರೂ ದೇಹ ಅದನ್ನು ಪರಕೀಯ ಎಂದು ಎಣಿಸಬಹುದು. ಕಿಡ್ನಿ ರೋಗಿಗಳ ರಕ್ತಹೀನತೆಗೆ 2012ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಮಂಜೂರಾದ ಪೆಜಿನೆಸಟೈಡ್ ಎಂಬ ಸಂಶ್ಲೇಷಿತ ಪೆಪ್ಟೈಡ್ ಎಲ್ಲ ಹಂತದ ಪ್ರಯೋಗಗಳನ್ನೂ ದಾಟಿ ಬಂದಿತ್ತು. ಸುಮಾರು 25,000 ರೋಗಿಗಳಿಗೆ ಕೊಡುವಷ್ಟರಲ್ಲಿ, ಮೊದಲ ಡೋಸಿನ ಅರ್ಧ ಗಂಟೆಯೊಳಗೇ ತೀವ್ರ ಅಲರ್ಜಿಯಾಗಿ ಶೇ 0.02ರಷ್ಟು ಜನ ಸತ್ತ ವರದಿಗಳು ಬಂದವು. 2013ರ ಫೆಬ್ರವರಿಯಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಐದು ಸಾವಿರಕ್ಕೆ ಒಂದರ ಈ ಅಪಾಯ ಗೊತ್ತಾದದ್ದು ಪ್ರತಿ ರೋಗಿಯ ದಾಖಲೆ ಇದ್ದದ್ದರಿಂದ. ಪಾರ್ಸೆಲ್ಲಿನಲ್ಲಿ ತರಿಸಿಕೊಂಡು ಮನೆಯಲ್ಲಿ ಚುಚ್ಚಿಕೊಳ್ಳುವವರಲ್ಲಿ ಅಂಥದ್ದು ನಡೆದರೆ ಲೆಕ್ಕ ಇಡುವವರು ಯಾರೂ ಇಲ್ಲ.

ಭಾರತದಲ್ಲಿ ಇದಕ್ಕೊಂದು ಸ್ಥಳೀಯ ಅಪಾಯ ಸೇರಿಕೊಳ್ಳುತ್ತದೆ. ಪುಡಿಯನ್ನು ನೀರಿನಲ್ಲಿ ಕರಗಿಸಿ ಇನ್ಸುಲಿನ್ ಸಿರಿಂಜಿನಲ್ಲಿ ಅಳೆಯುವುದು ರೂಢಿ. ಹೊರದೇಶದಿಂದ ಬರುವ ಅಳತೆಯ ಸೂಚನೆಗಳೆಲ್ಲ ಮಿಲಿಲೀಟರಿಗೆ 100 ಯೂನಿಟ್‌ಗಳ ಸಿರಿಂಜನ್ನು ಲೆಕ್ಕ ಹಿಡಿದವು. ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಕೆಂಪು ಮುಚ್ಚಳದ 40 ಯೂನಿಟ್‌ಗಳದ್ದೂ ಸಿಗುತ್ತದೆ, ಏಕೆಂದರೆ ಇಲ್ಲಿ 40ರ ಇನ್ಸುಲಿನ್ ಬಾಟಲಿ ಇನ್ನೂ ಚಾಲ್ತಿಯಲ್ಲಿದೆ. 100ರ ಸಿರಿಂಜಿನಲ್ಲಿ 10 ಯೂನಿಟ್ ಎಂದರೆ 0.1 ಮಿಲಿ, 40ರದರಲ್ಲಿ ಅದೇ 10ರ ಗೆರೆ 0.25 ಮಿಲಿ. 250 ಮೈಕ್ರೊಗ್ರಾಂ ಹೋಗಬೇಕಿದ್ದಲ್ಲಿ 625 ಹೋಗುತ್ತದೆ. ಇನ್ಸುಲಿನ್ ವಿಷಯದಲ್ಲಿ ವೈದ್ಯರು ದಶಕಗಳಿಂದ ಎಚ್ಚರಿಸುತ್ತಿರುವ ತಪ್ಪೇ ಇದು.

ದೂರಗಾಮಿ ಅಪಾಯಗಳಲ್ಲಿ ಮುಖ್ಯವಾದದ್ದು ಕ್ಯಾನ್ಸರಿನ ಶಂಕೆ. ಹೊಸ ರಕ್ತನಾಳ ಚಿಗುರಿಸುವುದು ಗಾಯಕ್ಕೆ ಒಳ್ಳೆಯದು, ಮೈಯಲ್ಲಿ ಎಲ್ಲೋ ಮಲಗಿರುವ ಗಡ್ಡೆಗೂ ಅಷ್ಟೇ ಒಳ್ಳೆಯದು. ಬಿಪಿಸಿ-157 ಮನುಷ್ಯರಲ್ಲಿ ಗಡ್ಡೆ ಬೆಳೆಸಿದೆ ಎಂಬುದಕ್ಕೆ ಪುರಾವೆಯಿಲ್ಲ. ಬೆಳೆಸುವುದಿಲ್ಲ ಎನ್ನಲು ಬೇಕಾದ ದೀರ್ಘ ಅಧ್ಯಯನವೂ ಇಲ್ಲ.

ಕಾನೂನು ಮತ್ತು ನಿಯಂತ್ರಣ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ ಬಿಪಿಸಿ-157, ಸಿಜೆಸಿ-1295, ಇಪಮೊರೆಲಿನ್ ಮುಂತಾದವನ್ನು, ಔಷಧದಂಗಡಿಗಳು ತಾವೇ ಬೆರೆಸಿ ಕೊಟ್ಟರೆ ಸುರಕ್ಷತೆಯ ಆತಂಕವಿರುವ ಪದಾರ್ಥಗಳ ಪಟ್ಟಿಗೆ ಹಾಕಿತು. ಅಂದಿನಿಂದ ಆ ಪಟ್ಟಿಯ ಮೇಲೆ ಎಳೆದಾಟ ನಡೆದಿದೆ. ಕ್ರೀಡೆಯಲ್ಲಿ ಗೊಂದಲವಿಲ್ಲ: ಬಿಪಿಸಿ-157 2022ರಿಂದ ಹೆಸರು ಹೇಳಿಯೇ ನಿಷೇಧಿತ, ಬೆಳವಣಿಗೆಯ ಹಾರ್ಮೋನು ಬಿಡಿಸುವವೂ ಥೈಮೊಸಿನ್ ಬೀಟಾ-4 ಕೂಡ ನಿಷೇಧಿತ. ಮೈಯಲ್ಲಿ ಸಿಕ್ಕಿದರೆ ಹೊಣೆ ಆಟಗಾರನದೇ. ಭಾರತದಲ್ಲಿ ಇದೇ ನಿಯಮಗಳನ್ನು ರಾಷ್ಟ್ರೀಯ ಡೋಪಿಂಗ್ ವಿರೋಧಿ ಸಂಸ್ಥೆ ಜಾರಿ ಮಾಡುತ್ತದೆ. 2022ರ ಕಾಯಿದೆ ಅದಕ್ಕೆ ಶಾಸನದ ಬಲ ಕೊಟ್ಟಿದೆ. ಔಷಧವಾಗಿ ಮಾರಬೇಕಾದರೆ 1940ರ ಔಷಧ ಮತ್ತು ಪ್ರಸಾಧನ ಕಾಯಿದೆ ಹಾಗೂ 2019ರ ಹೊಸ ಔಷಧ ನಿಯಮಗಳಡಿ ಕೇಂದ್ರದ ಅನುಮತಿ ಬೇಕು.

ಒಂದು ಪೆಪ್ಟೈಡನ್ನು ನಿಯಂತ್ರಿಸಹೊರಟರೆ ಏನಾಗುತ್ತದೆ ಎಂಬುದನ್ನು ನಾವು ಆಕ್ಸಿಟೋಸಿನ್ ವಿಷಯದಲ್ಲಿ ಕಂಡಿದ್ದೇವೆ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಹೆರಿಗೆ ಕೋಣೆಯಲ್ಲಿ ಇದು ಇರಲೇಬೇಕು. ದನದ ಕೊಟ್ಟಿಗೆಗಳಲ್ಲಿ ಎಮ್ಮೆಗೆ ಚುಚ್ಚಿ ಹಾಲು ಇಳಿಸುವುದಕ್ಕೂ ಇದೇ, ಅದೂ ಹೆಸರಿಲ್ಲದ ಬಾಟಲಿಗಳಲ್ಲಿ. ಆ ದುರ್ಬಳಕೆ ತಡೆಯಲೆಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಇದನ್ನು ತಯಾರಿಸುವುದನ್ನು ನಿಷೇಧಿಸಿ, ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದಕ್ಕೇ ಇಡೀ ದೇಶದ ಪೂರೈಕೆ ವಹಿಸಿತು. ಪೂರೈಕೆ ಕೈಕೊಟ್ಟರೆ ಬಾಣಂತಿಯರ ಜೀವಕ್ಕೆ ಕುತ್ತು ಎಂದು ಕಂಪನಿಗಳೂ ಆರೋಗ್ಯ ಕಾರ್ಯಕರ್ತರೂ ದೆಹಲಿ ಹೈಕೋರ್ಟಿಗೆ ಹೋದರು. ಅದೇ ವರ್ಷ ಡಿಸೆಂಬರ್ 14ರಂದು ಕೋರ್ಟು ನಿಷೇಧವನ್ನು ವಿವೇಚನಾರಹಿತ ಎಂದು ರದ್ದುಮಾಡಿತು.

ಕಾನೂನು ಏನೇ ಹೇಳಲಿ, ಈಗಾಗಲೇ ಯಾವುದೋ ಪೆಪ್ಟೈಡ್ ಚುಚ್ಚಿಕೊಳ್ಳುತ್ತಿರುವವರು ವೈದ್ಯರಲ್ಲಿಗೆ ಬಂದಾಗ ಮುಖ್ಯವಾದದ್ದು ಮುಚ್ಚಿಡದೆ ಹೇಳುವುದು, ಸಾಧ್ಯವಾದರೆ ಸೀಸೆಯನ್ನೇ ತಂದು ತೋರಿಸುವುದು. ಬೆಳವಣಿಗೆಯ ಹಾರ್ಮೋನು ಏರಿಸುವವಾದರೆ ರಕ್ತದ ಸಕ್ಕರೆ ನೋಡಬೇಕು. ಚರ್ಮ ಕಪ್ಪಾಗಿಸಲು ಬಳಸುವ ಮೆಲನೊಟಾನ್ ಆದರೆ ಮಚ್ಚೆಗಳನ್ನು ಪರೀಕ್ಷಿಸಬೇಕು. ಜಿಎಲ್‌ಪಿ-1 ಬಗೆಯದಾದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರಿಗೆ ತಿಳಿಸಲೇಬೇಕು. ಉಪವಾಸವಿದ್ದರೂ ಹೊಟ್ಟೆಯಲ್ಲಿ ಉಳಿದ ಆಹಾರ ಶ್ವಾಸಕೋಶಕ್ಕೆ ನುಗ್ಗಬಹುದು.